ಅಗ್ಗದ ಟಚ್ ಫೋನ್ ನಿಧಾನವಾಗುವುದು ಎಲ್ಲಿಂದ?

ಕಡಿಮೆ ಬೆಲೆಯ ಫೋನ್ ಹಿಡಿದು ಬರುವವರ ದೂರು ಹೆಚ್ಚುಕಡಿಮೆ ಒಂದೇ. "ತಗೊಂಡಾಗ ಚೆನ್ನಾಗಿತ್ತು ಸರ್, ವರ್ಷ ತುಂಬೋ ಹೊತ್ತಿಗೆ ಹ್ಯಾಂಗ್ ಆಗೋಕೆ ಶುರುವಾಯ್ತು." ಜೊತೆಗೆ ಒಂದು ತೀರ್ಮಾನವೂ ಇರುತ್ತದೆ: ಪ್ರೊಸೆಸರ್ ಸರಿ ಇಲ್ಲ, ಅಗ್ಗದ್ದು ಅಂದ್ರೆ ಇಷ್ಟೇ. ಫೋನ್ ಬಿಚ್ಚಿ ಬೋರ್ಡ್ ರಿಪೇರಿ ಮಾಡುವುದು ನನ್ನ ಕೆಲಸ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಈಗಿನ ಬಹುಪಾಲು ಅಗ್ಗದ ಫೋನುಗಳ ಪ್ರೊಸೆಸರ್ ದಿನನಿತ್ಯದ ಕೆಲಸಕ್ಕೆ ಧಾರಾಳವಾಗಿ ಸಾಕು. ಫೋನನ್ನು ಹಿಂದಕ್ಕೆ ಎಳೆಯುವುದು ಬೇರೊಂದು ಭಾಗ: ಆ್ಯಪ್, ಫೋಟೋ ಎಲ್ಲ ಉಳಿಯುವ ಸ್ಟೋರೇಜ್ ಚಿಪ್. ಅದು ಯಾವ ಬಗೆಯದು ಎನ್ನುವುದನ್ನು ಡಬ್ಬದ ಮೇಲೆ ಯಾರೂ ದೊಡ್ಡ ಅಕ್ಷರದಲ್ಲಿ ಬರೆಯುವುದಿಲ್ಲ.

ಮೊದಲು ಟಚ್ ವಿಷಯ ನೋಡೋಣ. ಒಂದು ಕಾಲದಲ್ಲಿ ಅಗ್ಗದ ಫೋನಿಗೂ ದುಬಾರಿ ಫೋನಿಗೂ ಇದ್ದ ದೊಡ್ಡ ಅಂತರವೇ ಇದು. 2007ರ ಐಫೋನಿನಲ್ಲಿ ಕೆಪ್ಯಾಸಿಟಿವ್ ಪರದೆ ಇತ್ತು. ಬೆರಳು ಮುಟ್ಟಿದರೆ ಸಾಕು, ಅಲ್ಲಿನ ವಿದ್ಯುತ್ ಚಾರ್ಜ್ ಬದಲಾಗುವುದನ್ನು ಅದು ಗುರುತಿಸುತ್ತಿತ್ತು. ಆಮೇಲೆ ಬಂದ ಎಲ್‌ಜಿ ಕುಕಿ, ಸ್ಯಾಮ್‌ಸಂಗ್ ಸ್ಟಾರ್ ತರಹದ ಫೋನುಗಳಲ್ಲಿ ರೆಸಿಸ್ಟಿವ್ ಪರದೆ ಇತ್ತು. ಎರಡು ತೆಳು ಪದರಗಳ ನಡುವೆ ಸಣ್ಣ ಜಾಗ, ಒತ್ತಿದಾಗ ಎರಡೂ ತಾಗಬೇಕು. ಉಗುರಲ್ಲಿ ಒತ್ತಿ ಒತ್ತಿ ಬಳಸಿದವರಿಗೆ ನೆನಪಿರಬಹುದು. ಆ ಪರದೆಯಲ್ಲಿ ಎರಡು ಬೆರಳಿಟ್ಟು ಫೋಟೋ ದೊಡ್ಡದು ಮಾಡುವ ಮಾತೇ ಇರಲಿಲ್ಲ.

ಆ ಅಂತರ ಈಗ ಮುಚ್ಚಿಹೋಗಿದೆ. ಇವತ್ತು ಅತಿ ಅಗ್ಗದ ಸ್ಮಾರ್ಟ್‌ಫೋನಿನಲ್ಲೂ ಕೆಪ್ಯಾಸಿಟಿವ್ ಪರದೆಯೇ ಇದೆ. ಉಳಿದಿರುವ ವ್ಯತ್ಯಾಸ ಟಚ್ ಕಂಟ್ರೋಲರ್ ಐಸಿಯದ್ದು, ಅಂದರೆ ಬೆರಳು ಎಲ್ಲಿ ಮುಟ್ಟಿತು ಎಂದು ಪತ್ತೆ ಮಾಡುವ ಸಣ್ಣ ಚಿಪ್ಪಿನದು. ಅದು ಸೆಕೆಂಡಿಗೆ ಎಷ್ಟು ಸಲ ಬೆರಳನ್ನು ಹುಡುಕುತ್ತದೆ, ಸುತ್ತಲಿನ ನಾಯ್ಸನ್ನು (ಬೇಡದ ವಿದ್ಯುತ್ ಏರಿಳಿತವನ್ನು) ಎಷ್ಟು ತಡೆದುಕೊಳ್ಳುತ್ತದೆ ಎನ್ನುವುದು ಫೋನಿನಿಂದ ಫೋನಿಗೆ ಬೇರೆ. ಚಾರ್ಜಿಗೆ ಹಾಕಿದಾಗ ಪರದೆ ತಾನಾಗಿಯೇ ಏನೇನೋ ಒತ್ತುತ್ತದೆ ಅಂತ ಫೋನ್ ತರುವವರು ಬಹಳ. ಅದರಲ್ಲಿ ಎಷ್ಟೋ ಸಲ ಪರದೆಗೆ ಏನೂ ಆಗಿರುವುದಿಲ್ಲ. ಕಳಪೆ ಚಾರ್ಜರ್‌ನಿಂದ ಬರುವ ನಾಯ್ಸ್ ಬೆರಳಿನ ಸಿಗ್ನಲ್ಲಿನ ಜೊತೆ ಬೆರೆಯುತ್ತದೆ. ಒಳ್ಳೆಯ ಕಂಟ್ರೋಲರ್ ತನ್ನ ಫ್ರೀಕ್ವೆನ್ಸಿ ಬದಲಿಸಿಕೊಂಡು ತಪ್ಪಿಸಿಕೊಳ್ಳುತ್ತದೆ. ಅಗ್ಗದ್ದಕ್ಕೆ ಅದು ಅಷ್ಟಾಗಿ ಆಗುವುದಿಲ್ಲ. ಡಿಸ್‌ಪ್ಲೇ ಬದಲಿಸಲು ಹೊರಡುವ ಮೊದಲು ಕೇಬಲ್ ಕಿತ್ತು ನೋಡಿ, ಇಲ್ಲವೇ ಒರಿಜಿನಲ್ ಚಾರ್ಜರ್ ಹಾಕಿ ನೋಡಿ.

ಇನ್ನು ಪ್ರೊಸೆಸರ್. "ಎಂಟು ಕೋರ್" ಅಂತ ಡಬ್ಬದ ಮೇಲೆ ಇರುತ್ತದೆ. ಕೋರ್ ಅಂದರೆ ಪ್ರೊಸೆಸರ್ ಒಳಗೆ ಕೆಲಸ ಮಾಡುವ ಒಂದೊಂದು ಘಟಕ. ಎಂಟು ಅನ್ನುವ ಲೆಕ್ಕಕ್ಕೆ ನಾನು ಬೆಲೆ ಕೊಡುವುದಿಲ್ಲ. ಯಾವ ಕೋರ್ ಅನ್ನುವುದನ್ನು ಕೇಳುತ್ತೇನೆ. ಮೀಡಿಯಾಟೆಕ್ ಹೀಲಿಯೊ ಜಿ35 ಚಿಪ್‌ನಲ್ಲಿ ಎಂಟೂ ಕೋರ್ ಕಾರ್ಟೆಕ್ಸ್ ಎ53. ಇದು ಎಆರ್‌ಎಂ ಕಂಪನಿ 2012ರಲ್ಲಿ ಪ್ರಕಟಿಸಿದ ಸಣ್ಣ ಕೋರ್. ಬಂದ ಆದೇಶಗಳನ್ನು ಬಂದ ಸರದಿಯಲ್ಲೇ ಮಾಡುತ್ತದೆ. ಒಂದಕ್ಕೆ ಬೇಕಾದ ಡೇಟಾ ಮೆಮೊರಿಯಿಂದ ಬರುವುದು ತಡವಾದರೆ ಅದರ ಹಿಂದೆ ಸಾಲಿನಲ್ಲಿರುವವೂ ಕಾಯುತ್ತಾ ನಿಲ್ಲುತ್ತವೆ. ಹೀಲಿಯೊ ಜಿ99ರಲ್ಲೂ ಎಂಟೇ ಕೋರ್, ಆದರೆ ಅದರಲ್ಲಿ ಎರಡು ಎ76. ಈ ದೊಡ್ಡ ಕೋರ್ ಒಂದು ಕೆಲಸ ಕಾಯುತ್ತಿರುವಾಗ ಮುಂದಿನದನ್ನು ಎತ್ತಿಕೊಂಡು ಮಾಡಿಬಿಡುತ್ತದೆ. ಆ್ಯಪ್ ತೆರೆಯುವುದು, ಪರದೆ ಜಾರಿಸುವುದು ಇವೆಲ್ಲ ಹೆಚ್ಚಾಗಿ ಒಂದೇ ಮುಖ್ಯ ಥ್ರೆಡ್ ಮೇಲೆ, ಅಂದರೆ ಒಂದೇ ಸಾಲಿನಲ್ಲಿ ಒಂದರ ಹಿಂದೊಂದರಂತೆ ನಡೆಯುವ ಕೆಲಸ. ಎಂಟು ಸಣ್ಣ ಕೋರ್‌ಗಳು ಅದನ್ನು ಹಂಚಿಕೊಳ್ಳಲಾರವು. ಒಂದೆರಡು ದೊಡ್ಡ ಕೋರ್ ಇದ್ದರೆ ಕೈಗೇ ಗೊತ್ತಾಗುತ್ತದೆ.

ಇಲ್ಲೇ ಖುಷಿ ಪಡುವ ವಿಷಯವೂ ಇದೆ. ಎ76 ಬಂದದ್ದು 2018ರಲ್ಲಿ. ಆಗ ಅದು ಕಿರಿನ್ 980, ಸ್ನ್ಯಾಪ್‌ಡ್ರಾಗನ್ 855 ತರಹದ ಅತಿ ದುಬಾರಿ ಚಿಪ್‌ಗಳಲ್ಲಿ ಇತ್ತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, ಓಡುವ ವೇಗ (ಕ್ಲಾಕ್ ಸ್ಪೀಡ್) ಸ್ವಲ್ಪ ಕಡಿಮೆಯಾದರೂ, ಅದೇ ಕೋರ್ ಜಿ99 ಚಿಪ್ ಮೂಲಕ ಅಗ್ಗದ ಫೋನಿಗೆ ಇಳಿಯಿತು. ಮೆಸೇಜ್, ಮ್ಯಾಪ್, ವಿಡಿಯೋ, ಹಣ ಕಳಿಸುವುದು ಇಷ್ಟಕ್ಕೆ ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ. ದೊಡ್ಡ ಗೇಮ್ ಆಡುವವರ ಲೆಕ್ಕ ಬೇರೆ. ಗ್ರಾಫಿಕ್ಸ್‌ನಲ್ಲಿ ಅಗ್ಗದ ಚಿಪ್ ಇನ್ನೂ ತುಂಬಾ ಹಿಂದಿದೆ.

ಹಾಗಾದರೆ ಹ್ಯಾಂಗ್ ಎಲ್ಲಿಂದ? ನನ್ನ ಉತ್ತರ ಸ್ಟೋರೇಜ್. 64 ಜಿಬಿ, 128 ಜಿಬಿ ಅಂತ ಅಳತೆ ಮಾತ್ರ ಬರೆಯುತ್ತಾರಲ್ಲ, ಅದೇ ಚಿಪ್. ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದು ಇಎಂಎಂಸಿ. ಇದು ಹಳೆಯ ಮೆಮೊರಿ ಕಾರ್ಡ್ ವಂಶದ್ದು. ಇಎಂಎಂಸಿ 5.1 ಮಾನದಂಡ ಬಂದದ್ದು 2015ರಲ್ಲಿ. ಅದೇ ವರ್ಷ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್6ರಲ್ಲಿ ಯುಎಫ್‌ಎಸ್ 2.0 ಎನ್ನುವ ಇನ್ನೂ ವೇಗದ ಬೇರೆ ಬಗೆಯ ಸ್ಟೋರೇಜ್ ಬಂತು. ದುಬಾರಿ ಫೋನುಗಳು ಇಎಂಎಂಸಿಯನ್ನು ಬಿಟ್ಟು ಮುಂದೆ ಹೋದವು. ಅಗ್ಗದವು ಅಲ್ಲೇ ಉಳಿದವು.

ಇಎಂಎಂಸಿ ಅಂದರೆ ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆ. ಆ ಕಡೆಯಿಂದ ಗಾಡಿ ಬರುತ್ತಿದ್ದರೆ ಈ ಕಡೆಯವರು ನಿಲ್ಲಬೇಕು. ಓದುವಾಗ ಬರೆಯಲು ಆಗದು, ಬರೆಯುವಾಗ ಓದಲು ಆಗದು. ಕಾಗದದ ಮೇಲೆ ಅದರ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಯುಎಫ್‌ಎಸ್‌ನಲ್ಲಿ ಹೋಗಲು ಬರಲು ಬೇರೆ ಬೇರೆ ದಾರಿ ಇದೆ. ಎರಡು ಲೇನ್ ಇರುವ 2.1 ಅಥವಾ 2.2ರಲ್ಲಿ ಕಾಗದದ ಮೇಲಿನ ವೇಗ ಸೆಕೆಂಡಿಗೆ ಸುಮಾರು 1,200 ಎಂಬಿ.

ಆದರೆ ದೊಡ್ಡ ಫೈಲ್ ಕಾಪಿ ಮಾಡುವ ಈ ವೇಗಕ್ಕಿಂತ ಸಣ್ಣ ಸಣ್ಣ ಬರವಣಿಗೆಯೇ ಮುಖ್ಯ. ಫೋನಿನ ಆ್ಯಪ್‌ಗಳು ಇಡೀ ದಿನ ಪುಟ್ಟ ಡೇಟಾಬೇಸ್‌ಗಳಿಗೆ ಬರೆಯುತ್ತಾ ಇರುತ್ತವೆ. ಒಂದು ಮೆಸೇಜ್ ಬಂತು, ಬರೆ. ಓದಿದ್ದಾಯ್ತು, ಬರೆ. ಪ್ರತಿ ಸಲವೂ ನಾಲ್ಕೆಂಟು ಕೆಬಿ ಅಷ್ಟೇ. ಆದರೆ "ಬರೆದಾಯ್ತು" ಅಂತ ಚಿಪ್ ಹೇಳುವವರೆಗೆ ಎಷ್ಟೋ ಆ್ಯಪ್‌ಗಳು ಕಾಯುತ್ತವೆ. ಹಿಂದುಗಡೆ ಒಂದಷ್ಟು ಆ್ಯಪ್ ಅಪ್‌ಡೇಟ್ ಆಗುತ್ತಿದೆ, ಗುಂಪಿನಲ್ಲಿ ಬಂದ ವಿಡಿಯೋ ಇಳಿಯುತ್ತಿದೆ, ಅದೇ ಹೊತ್ತಿಗೆ ನೀವು ಕ್ಯಾಮೆರಾ ತೆರೆಯುತ್ತೀರಿ. ಪರದೆ ಎರಡು ಸೆಕೆಂಡ್ ಕಪ್ಪಾಗಿ ನಿಲ್ಲುತ್ತದೆ. ಆ ಎರಡು ಸೆಕೆಂಡಿನಲ್ಲಿ ಪ್ರೊಸೆಸರ್ ಹೆಚ್ಚಿನಂಶ ಸುಮ್ನೆ ಕೂತಿರುತ್ತದೆ.

ಹೊಸದರಲ್ಲಿ ಚೆನ್ನಾಗಿದ್ದು ಆಮೇಲೆ ಕೆಡುವುದಕ್ಕೂ ಕಾರಣ ಇಲ್ಲೇ ಇದೆ. ಈ ಚಿಪ್‌ನೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲು ಬರುವುದಿಲ್ಲ. ಮೊದಲು ಅಳಿಸಬೇಕು. ಅಳಿಸುವುದೋ ದೊಡ್ಡ ಬ್ಲಾಕ್ ಲೆಕ್ಕದಲ್ಲಿ. ಒಂದು ಬ್ಲಾಕಿನಲ್ಲಿ ಬೇಕಾದ್ದು ಬೇಡದ್ದು ಎರಡೂ ಇದ್ದರೆ, ಬೇಕಾದ್ದನ್ನು ಬೇರೆ ಕಡೆ ಸಾಗಿಸಿ ಆಮೇಲೆ ಅಳಿಸಬೇಕು. ಖಾಲಿ ಜಾಗ ಬೇಕಾದಷ್ಟಿದ್ದಾಗ ಇದೆಲ್ಲ ಬಿಡುವಿನ ವೇಳೆಯಲ್ಲಿ ನಡೆದುಹೋಗುತ್ತದೆ. ಸ್ಟೋರೇಜ್ 95 ಪರ್ಸೆಂಟ್ ತುಂಬಿದ್ದರೆ ನೀವು ಕಾಯುತ್ತಿರುವಾಗಲೇ ನಡೆಯಬೇಕಾಗುತ್ತದೆ. ಅಗ್ಗದ ಫೋನುಗಳಲ್ಲಿ ಜಾಗವೂ ಕಡಿಮೆ, ಹಾಗಾಗಿ ಬೇಗ ತುಂಬುತ್ತದೆ. ನಿಧಾನ ಚಿಪ್, ಅದೂ ಕಂಠದವರೆಗೆ ತುಂಬಿದ್ದು. ಹ್ಯಾಂಗ್ ಆಗದೆ ಇನ್ನೇನಾದೀತು?

ರ್‍ಯಾಮ್ (ತೆರೆದ ಆ್ಯಪ್‌ಗಳು ಕೆಲಸ ಮಾಡುವ ತಾತ್ಕಾಲಿಕ ಮೆಮೊರಿ) ಕೂಡ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ರ್‍ಯಾಮ್ ಕಡಿಮೆ ಇದ್ದರೆ ಆಂಡ್ರಾಯ್ಡ್ ಹಿಂದಿರುವ ಆ್ಯಪ್‌ಗಳನ್ನು ಮುಚ್ಚುತ್ತದೆ. ಮತ್ತೆ ತೆರೆದಾಗ ಮೊದಲಿಂದ ಸ್ಟೋರೇಜಿನಿಂದ ಓದಬೇಕು. ಈಗ "4 ಜಿಬಿ + 4 ಜಿಬಿ" ಅಂತ ವರ್ಚುವಲ್ ರ್‍ಯಾಮ್ ಸೇರಿಸಿ ಮಾರುತ್ತಾರೆ. ಆ ಎರಡನೆಯ 4 ಜಿಬಿ ಬರುವುದು ಅದೇ ಸ್ಟೋರೇಜ್ ಚಿಪ್‌ನಿಂದ. ಯುಎಫ್‌ಎಸ್ ಇದ್ದರೆ ಸ್ವಲ್ಪ ಉಪಯೋಗ ಆಗಬಹುದು. ಇಎಂಎಂಸಿ ಫೋನಿನಲ್ಲಿ ಅದನ್ನು ಆಫ್ ಮಾಡಿ ಎಂದೇ ನಾನು ಹೇಳುವುದು. ಮೊದಲೇ ಉಸಿರುಗಟ್ಟಿರುವ ಚಿಪ್ ಮೇಲೆ ಇನ್ನಷ್ಟು ಬರವಣಿಗೆ ಹೇರಿದಂತಾಗುತ್ತದೆ, ಅದರ ಆಯಸ್ಸೂ ತಗ್ಗುತ್ತದೆ.

ಆಯಸ್ಸು ಎಂದದ್ದು ಸುಮ್ಮನೆ ಅಲ್ಲ. ಫ್ಲ್ಯಾಶ್ ಮೆಮೊರಿ ಇಷ್ಟು ಸಲ ಅಂತ ಅಳಿಸಿ ಬರೆದ ಮೇಲೆ ಸವೆಯುತ್ತದೆ. ಇಎಂಎಂಸಿ 5.0ರಿಂದ ಈಚೆಗೆ ಚಿಪ್ ತಾನು ಎಷ್ಟು ಸವೆದಿದ್ದೇನೆ ಎನ್ನುವುದನ್ನು 10 ಪರ್ಸೆಂಟ್ ಹಂತಗಳಲ್ಲಿ ಹೇಳುತ್ತದೆ. ಸರ್ವಿಸ್ ಟೂಲ್ ಹಾಕಿದರೆ ನಮಗೆ ಅದು ಕಾಣುತ್ತದೆ. ಕಂಪನಿಯ ಲೋಗೋದಲ್ಲೇ ನಿಂತು ಮತ್ತೆ ಮತ್ತೆ ರೀಸ್ಟಾರ್ಟ್ ಆಗುವ ಫೋನುಗಳಲ್ಲಿ ಎಷ್ಟೋ ಸಲ ಸತ್ತಿರುವುದು ಈ ಚಿಪ್ಪೇ. ಬೋರ್ಡಿನಿಂದ ಬಿಡಿಸಿ ಹೊಸದು ಕೂರಿಸಬಹುದು. ಹಳೆಯದರಲ್ಲಿದ್ದ ಮಕ್ಕಳ ಫೋಟೋ ವಾಪಸ್ ಬರುವ ಭರವಸೆ ಮಾತ್ರ ಕೊಡಲಾಗುವುದಿಲ್ಲ. ಈ ಕೆಲಸದಲ್ಲಿ ನನಗೆ ಬೇಜಾರಾಗುವ ಹೊತ್ತು ಅದು.

ಡಿಸ್‌ಪ್ಲೇ ಬಗ್ಗೆ ಜನ ಅನಗತ್ಯವಾಗಿ ಚಿಂತೆ ಮಾಡುತ್ತಾರೆ. ಎಚ್‌ಡಿ ಪ್ಲಸ್ ಅಂತ ಮೂಗು ಮುರಿಯಬೇಡಿ. ಎಚ್‌ಡಿ ಪ್ಲಸ್ ಅಂದರೆ 720×1600 ಪರದೆಯಲ್ಲಿ ಸುಮಾರು 11.5 ಲಕ್ಷ ಚುಕ್ಕೆಗಳಿವೆ, ಫುಲ್ ಎಚ್‌ಡಿ ಪ್ಲಸ್ ಅಂದರೆ 1080×2400ರಲ್ಲಿ ಸುಮಾರು 26 ಲಕ್ಷ. ಎರಡೂಕಾಲು ಪಟ್ಟು. ಅಷ್ಟನ್ನೂ ಪ್ರತಿ ಫ್ರೇಮಿನಲ್ಲಿ ತುಂಬಬೇಕಾದ್ದು ಚಿಪ್‌ನ ಗ್ರಾಫಿಕ್ಸ್ ಭಾಗ. ಸಣ್ಣ ಚಿಪ್‌ಗೆ ಎಚ್‌ಡಿ ಪ್ಲಸ್ ಒಳ್ಳೆಯ ಜೋಡಿ, ಬ್ಯಾಟರಿಯೂ ಜಾಸ್ತಿ ಬರುತ್ತದೆ. 90 ಹರ್ಟ್ಸ್, 120 ಹರ್ಟ್ಸ್ ಅನ್ನುವ ಸಂಖ್ಯೆಗೆ ಮಾತ್ರ ಮರುಳಾಗಬೇಡಿ. 90 ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ 90 ಸಲ ಚಿತ್ರ ಬದಲಿಸುತ್ತದೆ, ಒಂದು ಫ್ರೇಮಿಗೆ 11 ಮಿಲಿಸೆಕೆಂಡ್ ಮಾತ್ರ ಸಿಗುತ್ತದೆ. ಎಂಟು ಎ53 ಇರುವ ಫೋನ್ ಅಷ್ಟರಲ್ಲಿ ಚಿತ್ರ ಸಿದ್ಧ ಮಾಡಲು ಒದ್ದಾಡುತ್ತದೆ. ಆಗ ಪರದೆ ತಡವರಿಸುತ್ತದೆ, 60ರಲ್ಲಿ ಸಮವಾಗಿ ಓಡುವುದೇ ಕಣ್ಣಿಗೆ ಹಿತ.

ಕ್ಯಾಮೆರಾದಲ್ಲಿ ಅಗ್ಗದ ಫೋನ್ ಸೋಲುತ್ತದೆ. ಇದರಲ್ಲಿ ಎರಡು ಮಾತಿಲ್ಲ. ಸೆನ್ಸರ್ ಸಣ್ಣದಾದರೆ ಬೀಳುವ ಬೆಳಕೂ ಕಡಿಮೆ. 50 ಮೆಗಾಪಿಕ್ಸೆಲ್ ಸೆನ್ಸರ್ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್ ಫೋಟೋ ಕೊಡುತ್ತದೆ. ಕೈ ನಡುಕ ತಡೆಯುವ ಓಐಎಸ್ ಈ ಬೆಲೆಯಲ್ಲಿ ಅಪರೂಪ, ಹಾಗಾಗಿ ರಾತ್ರಿಯ ಫೋಟೋ ಮಸುಕು. ಜೊತೆಗೆ ಇಡುವ 2 ಮೆಗಾಪಿಕ್ಸೆಲ್ ಮ್ಯಾಕ್ರೋ, ಡೆಪ್ತ್ ಕ್ಯಾಮೆರಾಗಳು ಲೆಕ್ಕ ತುಂಬಿಸಲು ಮಾತ್ರ ಅನ್ನುವುದು ನನ್ನ ಅಭಿಪ್ರಾಯ. ಆ ದುಡ್ಡನ್ನು ಯುಎಫ್‌ಎಸ್‌ಗೆ ಹಾಕಿದ್ದರೆ ಫೋನ್ ಇನ್ನೂ ಹೆಚ್ಚು ಕಾಲ ಬಾಳುತ್ತಿತ್ತು. ಈ ವಿಷಯದಲ್ಲಿ ನನಗೆ ತಯಾರಕರ ಮೇಲೆ ನಿಜವಾಗಿ ಸಿಟ್ಟಿದೆ.

ಅಗ್ಗದ ಫೋನ್ ಗೆಲ್ಲುವ ಜಾಗಗಳೂ ಇವೆ, ಅವು ಬಿಚ್ಚಿದಾಗಲೇ ಕಾಣುವುದು. ಹಿಂಬದಿ ಪ್ಲಾಸ್ಟಿಕ್, ಗಾಜು ಒಡೆಯುವ ಭಯವಿಲ್ಲ. ಪರದೆ ಚಪ್ಪಟೆಯಾದ ಎಲ್‌ಸಿಡಿ, ಒಡೆದರೆ ಬದಲಿಸುವ ಖರ್ಚು ಬಾಗಿದ ಓಎಲ್‌ಇಡಿಗೆ ಹೋಲಿಸಿದರೆ ತೀರಾ ಕಡಿಮೆ. ಚಾರ್ಜಿಂಗ್ ಪೋರ್ಟ್ ಹೆಚ್ಚಾಗಿ ಕೆಳಗಡೆ ಪ್ರತ್ಯೇಕ ಸಬ್ ಬೋರ್ಡಿನಲ್ಲಿ ಇರುತ್ತದೆ. ಪೋರ್ಟ್ ಹೋದರೆ ಆ ತುಂಡನ್ನಷ್ಟೇ ಬದಲಿಸಿದರೆ ಆಯ್ತು. ಇಯರ್‌ಫೋನ್ ಜ್ಯಾಕ್, ಮೆಮೊರಿ ಕಾರ್ಡ್ ಜಾಗ ಇನ್ನೂ ಉಳಿದಿರುವುದೂ ಹೆಚ್ಚಾಗಿ ಇಂಥ ಫೋನುಗಳಲ್ಲೇ. ನೀರು ತಡೆಯುವ ವಿಷಯದಲ್ಲಿ ಮಾತ್ರ ದುಬಾರಿ ಫೋನೇ ಮುಂದು.

ಹಾಗಾಗಿ ಕೊಳ್ಳುವಾಗ ಮೊದಲು ಸ್ಟೋರೇಜ್ ಯಾವುದು ಅಂತ ಕೇಳಿ. ಕಂಪನಿಯ ಸ್ಪೆಸಿಫಿಕೇಷನ್ ಪುಟದಲ್ಲಿ ಯುಎಫ್‌ಎಸ್ ಇದ್ದರೆ ಸಾಮಾನ್ಯವಾಗಿ ಹೆಮ್ಮೆಯಿಂದ ಬರೆದಿರುತ್ತಾರೆ. ಏನೂ ಬರೆದಿಲ್ಲ ಅಂದರೆ ಇಎಂಎಂಸಿ ಅಂತಲೇ ನಾನು ಲೆಕ್ಕ ಹಾಕುವುದು. ಒಂದೇ ಹೆಸರಿನ ಫೋನಿನಲ್ಲಿ ಕಡಿಮೆ ಜಿಬಿಯದ್ದಕ್ಕೆ ಇಎಂಎಂಸಿ, ಜಾಸ್ತಿ ಜಿಬಿಯದ್ದಕ್ಕೆ ಯುಎಫ್‌ಎಸ್ ಹಾಕುವುದೂ ಉಂಟು. ಫೋನ್ ಕೈಯಲ್ಲಿದ್ದರೆ ಸ್ಟೋರೇಜ್ ವೇಗ ಅಳೆಯುವ ಆ್ಯಪ್ ಹಾಕಿ ನೋಡಿ. ಓದುವ ವೇಗ ಸೆಕೆಂಡಿಗೆ 300 ಎಂಬಿ ಆಸುಪಾಸಿನಲ್ಲೇ ನಿಂತರೆ ಅದು ಇಎಂಎಂಸಿ, 500 ದಾಟಿದರೆ ಯುಎಫ್‌ಎಸ್. ಇದಾದ ಮೇಲೆ ನಿಜವಾದ ರ್‍ಯಾಮ್ ಎಷ್ಟು, ದೊಡ್ಡ ಕೋರ್ ಇದೆಯಾ ಅಂತ ನೋಡಿ. ಫೋನಿನಲ್ಲಿ ವಿಡಿಯೋ ಜಾಸ್ತಿ ನೋಡುವವರು ವೈಡ್‌ವೈನ್ ಎಲ್1 (ವಿಡಿಯೋ ನಕಲು ಮಾಡುವುದನ್ನು ತಡೆಯುವ ವ್ಯವಸ್ಥೆಯ ಮೇಲಿನ ಹಂತ) ಇದೆಯಾ ಅಂತಲೂ ವಿಚಾರಿಸಿ. ಎಲ್3 ಮಾತ್ರ ಇದ್ದರೆ ಪರದೆ ಎಷ್ಟೇ ಚೆನ್ನಾಗಿದ್ದರೂ ದುಡ್ಡು ಕೊಟ್ಟು ನೋಡುವ ಎಷ್ಟೋ ಆ್ಯಪ್‌ಗಳು ಎಚ್‌ಡಿ ಕೊಡುವುದಿಲ್ಲ.

ಈಗಾಗಲೇ ಇಎಂಎಂಸಿ ಫೋನ್ ಇರುವವರು ಅದನ್ನು ಎಸೆಯಬೇಕಾಗಿಲ್ಲ. ಐದರಲ್ಲಿ ಒಂದು ಪಾಲು ಜಾಗ ಯಾವಾಗಲೂ ಖಾಲಿ ಇರಲಿ. ಮೆಸೇಜ್ ಗುಂಪುಗಳ ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ಆ್ಯಪ್ ಅಪ್‌ಡೇಟ್ ರಾತ್ರಿ ಚಾರ್ಜಿಗೆ ಹಾಕಿದಾಗ ಆಗಲಿ. ಫೋಟೋಗಳ ಇನ್ನೊಂದು ಪ್ರತಿ ಫೋನಿನ ಹೊರಗೆ ಎಲ್ಲಾದರೂ ಇರಲೇಬೇಕು. ಮೆಮೊರಿ ಕಾರ್ಡ್ ಹಾಕುವವರು ಫೋಟೋ, ಹಾಡುಗಳನ್ನು ಅದರಲ್ಲಿಡಿ. ಆ್ಯಪ್‌ಗಳನ್ನು ಅದಕ್ಕೆ ಸಾಗಿಸಬೇಡಿ, ಕಾರ್ಡ್ ಇಎಂಎಂಸಿಗಿಂತಲೂ ನಿಧಾನ.