ಮನಸ್ಸು ಓಡಿಹೋಗಿದೆ ಅಂತ ಗೊತ್ತಾಗುವ ಕ್ಷಣ

"ಕೂತ್ಕೊಂಡ್ರೆ ಸಾಕು, ಇಲ್ಲದ ಯೋಚನೆ ಎಲ್ಲಾ ಆಗ್ಲೇ ಬರ್ತವೆ." ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಬರುವವರ ಹತ್ತಿರ ಧ್ಯಾನದ ಮಾತೆತ್ತಿ ನೋಡಿ, ಹೆಚ್ಚಿನವರು ಇದನ್ನೇ ಹೇಳುತ್ತಾರೆ. ಹೇಳಿ, "ನಮಗೆಲ್ಲ ಅದು ಆಗಿಬರಲ್ಲ ಬಿಡಿ" ಅಂತ ಮುಂದೆ ನಡೆಯುತ್ತಾರೆ. ಅವರನ್ನು ನಿಲ್ಲಿಸಿ ಒಂದು ಮಾತು ಹೇಳಬೇಕು ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಯೋಚನೆ ಬಂದದ್ದು ನಿಮಗೆ ಗೊತ್ತಾಯಿತಲ್ಲ, ಧ್ಯಾನದ ಕೆಲಸ ಶುರುವಾಗುವುದೇ ಅಲ್ಲಿಂದ.

ಕೆರೆ ಪಕ್ಕದ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದೀರಿ ಅಂದುಕೊಳ್ಳಿ. ಉಸಿರು ಮೂಗಿನ ಹೊಳ್ಳೆಯಲ್ಲಿ ತಣ್ಣಗೆ ಒಳಗೆ ಹೋಗುತ್ತಿದೆ, ಸ್ವಲ್ಪ ಬೆಚ್ಚಗಾಗಿ ಹೊರಗೆ ಬರುತ್ತಿದೆ. ಒಂದು, ಎರಡು, ಮೂರು. ಯಾರೋ ಚಪ್ಪಲಿ ಸದ್ದು ಮಾಡಿಕೊಂಡು ಹೋದರು. ಚಪ್ಪಲಿ ಅಂದ ತಕ್ಷಣ ಮಗನ ಸ್ಕೂಲ್ ಶೂ ನೆನಪಾಯಿತು. ಶೂ ಇಂದ ಫೀಸು. ಫೀಸಿನಿಂದ ಮದ್ದೂರಿನ ಮದುವೆ ಮನೆ, ಅಲ್ಲಿ ಭಾವಮೈದ ಎಲ್ಲರ ಎದುರು ಆಡಿದ ಮಾತು. ಆವತ್ತೇ ಸರಿಯಾಗಿ ಉತ್ತರ ಕೊಡಬೇಕಿತ್ತು. ಈಗ ಕೊಡುತ್ತಿದ್ದೀರಿ, ಮನಸ್ಸಿನಲ್ಲೇ, ಎರಡು ಮೂರು ಥರ. ದವಡೆ ಬಿಗಿಯಾಗಿದೆ. ಭುಜ ಮೇಲೆದ್ದಿದೆ. ಆಮೇಲೆ ಇದ್ದಕ್ಕಿದ್ದ ಹಾಗೆ, ಅರೆ, ನಾನು ಉಸಿರು ನೋಡ್ತಾ ಇದ್ದೆ ಅಲ್ವಾ?

ಈ 'ಅರೆ'ಯನ್ನೇ ಹಿಡಿದು ನೋಡಿದವರಿದ್ದಾರೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ವೆಂಡಿ ಹಾಸೆನ್‌ಕ್ಯಾಂಪ್ ಮತ್ತು ಸಂಗಡಿಗರು ಧ್ಯಾನದ ಅಭ್ಯಾಸವಿದ್ದ 14 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಉಸಿರು ಗಮನಿಸಿ ಅಂದರು. ಕೈಗೊಂದು ಬಟನ್ ಕೊಟ್ಟರು. ಮನಸ್ಸು ಬೇರೆಲ್ಲೋ ಹೋಗಿದೆ ಅಂತ ಗೊತ್ತಾದ ಕೂಡಲೇ ಬಟನ್ ಒತ್ತಿ ಮತ್ತೆ ಉಸಿರಿಗೆ ಬರಬೇಕು. 2012ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಒಂದು ಸುತ್ತು ಚೆನ್ನಾಗಿ ಕಾಣಿಸಿತು. ಬಟನ್ ಒತ್ತುವ ಮೊದಲಿನ ಸೆಕೆಂಡುಗಳಲ್ಲಿ ಮಿದುಳಿನ ಒಂದು ಜಾಲ ಚುರುಕಾಗಿರುತ್ತದೆ. ಒತ್ತುವ ಹೊತ್ತಿಗೆ ಇನ್ನೊಂದು ಜಾಲ ಎಚ್ಚರಗೊಳ್ಳುತ್ತದೆ. ಈಗ ಮುಖ್ಯವಾದದ್ದು ಯಾವುದು ಅಂತ ಗುರುತಿಸುವ ಕೆಲಸ ಅದರದ್ದು, ಇನ್ಸುಲಾ ಅನ್ನುವ ಭಾಗ ಅದರಲ್ಲಿ ಸೇರಿದೆ. ಆಮೇಲೆ ಗಮನವನ್ನು ಹಿಡಿದು ಬೇರೆ ಕಡೆ ತಿರುಗಿಸುವ ಜಾಲ ಕೆಲಸಕ್ಕಿಳಿಯುತ್ತದೆ. ಮನಸ್ಸು ಹೋಗುವುದು, ಹೋದದ್ದು ಗೊತ್ತಾಗುವುದು, ವಾಪಸ್ ಬರುವುದು, ಸ್ವಲ್ಪ ಹೊತ್ತು ನಿಲ್ಲುವುದು. ಮತ್ತೆ ಹೋಗುವುದು. ಕೂತ ಅಷ್ಟು ಹೊತ್ತೂ ನಡೆಯುವುದು ಇದೇ.

ಮೊದಲು ಚುರುಕಾಗಿತ್ತಲ್ಲ, ಆ ಜಾಲಕ್ಕೆ ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಅನ್ನುತ್ತಾರೆ. ಮಾರ್ಕಸ್ ರೈಕಲ್ ಮತ್ತು ಅವರ ತಂಡ 2001ರಲ್ಲಿ ಇದನ್ನು ವಿವರಿಸಿತು. ನಾವು ಸುಮ್ನೆ ಇದ್ದೇವೆ ಅಂದುಕೊಂಡಾಗ ಮಿದುಳು ಸುಮ್ಮನಿರುವುದಿಲ್ಲ. ಹಿಂದಿನದ್ದು ನೆನೆಯುತ್ತದೆ, ಮುಂದಿನದ್ದು ಕಟ್ಟುತ್ತದೆ, 'ನಾನು', 'ನನ್ನದು' ಅಂತ ಕಥೆ ಹೇಳಿಕೊಳ್ಳುತ್ತದೆ. ಇದೇನೂ ರೋಗವಲ್ಲ. ನಾಳೆಯ ಅಡುಗೆಯಿಂದ ಮಗಳ ಮದುವೆ ತನಕ ಯೋಜನೆ ಹಾಕುವುದು ಇದರ ಸಹಾಯದಿಂದಲೇ. ತೊಂದರೆ ಇರುವುದು ಪ್ರಮಾಣದಲ್ಲಿ. ಹಾರ್ವರ್ಡ್‌ನ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2250 ಜನರಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ಫೋನ್ ಮೂಲಕ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಖುಷಿ ಎಷ್ಟಿದೆ? 2010ರಲ್ಲಿ ಬಂದ ಉತ್ತರ ಹೀಗಿತ್ತು. ಶೇಕಡ 46.9ರಷ್ಟು ಸಲ ಮನಸ್ಸು ಕೈಯಲ್ಲಿದ್ದ ಕೆಲಸದಲ್ಲಿ ಇರಲೇ ಇಲ್ಲ. ಅಲೆಯುವ ಹೊತ್ತಿನಲ್ಲಿ ಜನ ಕಡಿಮೆ ಖುಷಿಯಾಗಿದ್ದರು. ಒಳ್ಳೆಯದನ್ನೇ ನೆನೆಯುತ್ತಿದ್ದವರೂ, ಇದ್ದ ಕೆಲಸದಲ್ಲಿ ಮನಸ್ಸಿಟ್ಟವರಿಗಿಂತ ಜಾಸ್ತಿ ಖುಷಿಯಾಗೇನೂ ಇರಲಿಲ್ಲ.

ಮನಸ್ಸು ಓಡಿಹೋದದ್ದು ಗೊತ್ತಾಗುವುದಕ್ಕೂ ಕಾಯಿಲೆ ಗುಣವಾಗುವುದಕ್ಕೂ ಏನು ಸಂಬಂಧ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಖಿನ್ನತೆಯ ಅಧ್ಯಯನಗಳಲ್ಲಿ.

ಖಿನ್ನತೆಗೆ ಒಂದು ಕೆಟ್ಟ ಗುಣವಿದೆ, ಹೋದದ್ದು ಮತ್ತೆ ಬರುತ್ತದೆ. ಎರಡು ಮೂರು ಸಲ ಬಂದವರಲ್ಲಿ ಮತ್ತೊಮ್ಮೆ ಬರುವ ಸಾಧ್ಯತೆ ಇನ್ನೂ ಜಾಸ್ತಿ. ಜಿಂಡಲ್ ಸೆಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಇದು ಯಾಕೆ ಹೀಗೆ ಅಂತ ಯೋಚಿಸಿದರು. ಅವರು ಕಂಡುಕೊಂಡದ್ದನ್ನು ಮಂಡ್ಯದ ನಾಲೆ ಬಯಲಿನವರಿಗೆ ಹೇಳುವುದು ಸುಲಭ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ಅದು ಹೊಸ ದಾರಿ ಹುಡುಕುವುದಿಲ್ಲ, ತೋಡಿಟ್ಟ ಕಾಲುವೆಯಲ್ಲೇ ಹರಿಯುತ್ತದೆ. ಒಮ್ಮೆ ಖಿನ್ನತೆಯಲ್ಲಿ ಬಿದ್ದೆದ್ದ ಮನಸ್ಸಿಗೂ ಅಂಥ ಕಾಲುವೆ ಇರುತ್ತದೆ. ಯಾವುದೋ ಸಣ್ಣ ಬೇಜಾರು ಸಾಕು. 'ನನ್ನಿಂದ ಏನೂ ಆಗಲ್ಲ', 'ಎಲ್ಲಾ ನನ್ನದೇ ತಪ್ಪು' ಅನ್ನುವ ಹಳೆಯ ಮಾತುಗಳು ತಾವಾಗೇ ಹರಿಯಲು ಶುರುವಾಗುತ್ತವೆ. ನೀರುಗಂಟಿ ಬದುವಿನ ಮೇಲೆ ನಡೆಯುತ್ತಾ, ಯಾವ ತೂಬು ತೆರೆದಿದೆ ಅಂತ ನೋಡಿಕೊಂಡರೆ ಗದ್ದೆ ಮುಳುಗುವುದಿಲ್ಲ. ಈ ಮೂವರು ಕಲಿಸಲು ಹೊರಟಿದ್ದು ಆ ನೋಡುವಿಕೆಯನ್ನು. ಯೋಚನೆಯನ್ನು ತಡೆಯುವುದಲ್ಲ, ಅದರ ಜೊತೆ ಜಗಳವೂ ಅಲ್ಲ. 'ಓ, ಹಳೇ ಯೋಚನೆ ಬಂತು' ಅಂತ ಬೇಗ ಗುರುತಿಸುವುದು, ಅಷ್ಟೇ.

2000ನೇ ಇಸವಿಯಲ್ಲಿ ಅವರ ಮೊದಲ ದೊಡ್ಡ ಪರೀಕ್ಷೆಯ ಫಲ ಬಂತು. ಖಿನ್ನತೆಯಿಂದ ಚೇತರಿಸಿಕೊಂಡ 145 ಜನ ಇದ್ದರು. ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ಖಿನ್ನತೆಗೆ ಒಳಗಾದವರಲ್ಲಿ, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದ ಗುಂಪಿನ ಶೇಕಡ 66 ಜನರಿಗೆ 60 ವಾರದೊಳಗೆ ಖಿನ್ನತೆ ಮರುಕಳಿಸಿತು. ಎಂಟು ವಾರ ಈ ಧ್ಯಾನ ತರಬೇತಿಯನ್ನೂ ಪಡೆದವರಲ್ಲಿ ಶೇಕಡ 37 ಜನರಿಗೆ. ಎರಡೇ ಸಲ ಒಳಗಾದವರಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಈ ಕೊನೆಯ ಸಂಗತಿ ತುಂಬಾ ಮುಖ್ಯ ಅನ್ನಿಸುತ್ತದೆ. ಕಾಲುವೆ ಆಳವಾಗಿದ್ದವರಿಗೇ ಈ ಅಭ್ಯಾಸ ಜಾಸ್ತಿ ಉಪಯೋಗಕ್ಕೆ ಬಂದಿದೆ. 2016ರಲ್ಲಿ 9 ಪರೀಕ್ಷೆಗಳ 1258 ಜನರ ವಿವರಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗಲೂ, ಈ ತರಬೇತಿ ಪಡೆದವರಲ್ಲಿ ಮರುಕಳಿಸುವ ಅಪಾಯ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು.

ಹಾಗಂತ ಮಾತ್ರೆ ಬಿಟ್ಟು ಚಾಪೆ ಹಾಸಿ ಅಂತ ಯಾರೂ ಹೇಳಿಲ್ಲ. ನಾನೂ ಹೇಳುವುದಿಲ್ಲ. ಮಾತ್ರೆಯ ವಿಚಾರ ನೀವು ಮತ್ತು ನಿಮ್ಮ ಡಾಕ್ಟರ್ ಕೂತು ತೀರ್ಮಾನಿಸಬೇಕಾದದ್ದು.

ಇನ್ನು ಮೈನೋವು. ಧ್ಯಾನ ಆಸ್ಪತ್ರೆಯೊಳಗೆ ಕಾಲಿಟ್ಟದ್ದೇ ಈ ಬಾಗಿಲಿನಿಂದ. 1979ರಲ್ಲಿ ಜಾನ್ ಕಬಾಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ವರ್ಷಗಟ್ಟಲೆ ನೋವು ತಿಂದು ಎಲ್ಲಾ ಔಷಧಿ ನೋಡಿ ಮುಗಿಸಿದವರಿಗಾಗಿ ಧ್ಯಾನದ ಒಂದು ಕಾರ್ಯಕ್ರಮ ಶುರು ಮಾಡಿದರು. ಅದರಲ್ಲಿ ಒಂದು ಅಭ್ಯಾಸ, ಮಲಗಿಕೊಂಡು ಕಾಲಿನ ಬೆರಳಿಂದ ನೆತ್ತಿಯವರೆಗೆ ಮೈಯ ಒಂದೊಂದೇ ಭಾಗವನ್ನು ಗಮನಿಸುತ್ತಾ ಹೋಗುವುದು. ನೋವಿರುವ ಜಾಗ ಬಂದಾಗ ಓಡಿಹೋಗುವ ಹಾಗಿಲ್ಲ, ಅಲ್ಲೂ ನಿಂತು ನೋಡಬೇಕು.

ಮಂಡ್ಯದಲ್ಲಿ ಟೈಲರಿಂಗ್ ಮಾಡುವ ನಮ್ಮ ಪರಿಚಯದ ಒಬ್ಬರಿಗೆ ಸೊಂಟನೋವು ಹಳೆಯ ನೆಂಟ. ಈ ಅಭ್ಯಾಸ ಕೆಲವು ತಿಂಗಳು ಮಾಡಿದ ಮೇಲೆ ಅವರು ಹೇಳಿದ್ದು ಹೀಗೆ: "ಬೆಳಗ್ಗೆಯಿಂದ ರಾತ್ರಿ ತನಕ ಒಂದೇ ಸಮ ನೋಯ್ತದೆ ಅಂದ್ಕೊಂಡಿದ್ದೆ. ನೋಡಿದ್ರೆ ಹಂಗಿಲ್ಲ. ಬರ್ತದೆ, ಹೋಯ್ತದೆ, ಜಾಗ ಬದಲಾಯಿಸ್ತದೆ. ಮಧ್ಯ ಮಧ್ಯ ಇರೋದೇ ಇಲ್ಲ." ನೋವು ಅಂತ ನಾವು ಕರೆಯುವುದರಲ್ಲಿ ಎರಡು ಸೇರಿಕೊಂಡಿರುತ್ತವೆ. ಸೊಂಟದಲ್ಲಿ ಆಗುವ ಎಳೆತ, ಉರಿ ಒಂದು. 'ಇದು ಇನ್ನು ಹೋಗಲ್ಲ, ನಾಳೆ ಮಷೀನ್ ತುಳಿಯೋದು ಹೇಗೆ' ಅನ್ನುವ ಭಯ ಇನ್ನೊಂದು. ಭಯದಿಂದ ಮೈ ಬಿಗಿಯಾಗುತ್ತದೆ, ಬಿಗಿದಷ್ಟೂ ನೋವು ಜಾಸ್ತಿ. ಎರಡನ್ನೂ ಬಿಡಿಸಿ ನೋಡಲು ಬಂದರೆ ಎರಡನೆಯದರ ಭಾರ ಇಳಿಯುತ್ತದೆ. 2016ರಲ್ಲಿ ಸೊಂಟನೋವಿನ 342 ಜನರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯ ಫಲ ಬಂತು. ಆರು ತಿಂಗಳಾದ ಮೇಲೆ ದಿನನಿತ್ಯದ ಓಡಾಟ, ಕೆಲಸಗಳಲ್ಲಿ ಗಣನೀಯ ಸುಧಾರಣೆ ಕಂಡವರು ಧ್ಯಾನದ ಗುಂಪಿನಲ್ಲಿ ಸುಮಾರು ಶೇಕಡ 61, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇಕಡ 44. ಯೋಚನೆಯ ರೀತಿಯನ್ನು ತಿದ್ದುವ ಮನೋಚಿಕಿತ್ಸೆ ಪಡೆದವರೂ ಹೆಚ್ಚುಕಡಿಮೆ ಧ್ಯಾನದವರಷ್ಟೇ ಸುಧಾರಿಸಿದ್ದರು. ದಾರಿ ಒಂದೇ ಅಲ್ಲ.

ಉಸಿರಿನ ಬಗ್ಗೆಯೂ ಒಂದು ಮಾತು. ಉಸಿರು ಒಳಗೆಳೆದಾಗ ಎದೆಬಡಿತ ಸ್ವಲ್ಪ ಬೇಗ ಆಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ವೇಗಸ್ ಎಂಬ ನರದ ಕೆಲಸ ಇದು. ಮಣಿಕಟ್ಟಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಉಸಿರಾಡಿ ನೋಡಿ, ಹಲವರಿಗೆ ಗೊತ್ತಾಗುತ್ತದೆ. ಇಟಲಿಯ ಲುಸಿಯಾನೊ ಬರ್ನಾರ್ಡಿ ತಂಡ 2001ರಲ್ಲಿ ಒಂದು ಸೊಗಸಾದ ವಿಷಯ ಕಂಡುಹಿಡಿಯಿತು. ಲ್ಯಾಟಿನ್ ಜಪಮಾಲೆ ಪ್ರಾರ್ಥನೆ ಹೇಳಿದರೂ, 'ಓಂ ಮಣಿ ಪದ್ಮೇ ಹೂಂ' ಹೇಳಿದರೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತದೆ. ಎದೆಬಡಿತ, ರಕ್ತದೊತ್ತಡ, ಉಸಿರು ಮೂರೂ ಒಂದೇ ತಾಳಕ್ಕೆ ಬರುವ ವೇಗ ಅದು. ಬೇರೆ ಬೇರೆ ಮತದ ಹಿರಿಯರು ಅಳತೆ ಉಪಕರಣ ಇಲ್ಲದೆ ಅದೇ ಜಾಗಕ್ಕೆ ಬಂದು ಮುಟ್ಟಿದ್ದಾರೆ.

ಮೈಸೂರು ಯೋಗದ ಊರು. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಪಟ್ಟಾಭಿ ಜೋಯಿಸ್, ಬಿ.ಕೆ.ಎಸ್. ಅಯ್ಯಂಗಾರ್ ಅವರ ಶಿಷ್ಯರು. ಇಂಥ ಊರಿನಲ್ಲಿ ದೊಡ್ಡ ಮಾತುಗಳೂ ಜಾಸ್ತಿ ಓಡಾಡುತ್ತವೆ. ಯೋಗಿಗಳು ಎದೆಬಡಿತವನ್ನೇ ನಿಲ್ಲಿಸುತ್ತಾರೆ ಅನ್ನುವುದು ಅದರಲ್ಲಿ ಒಂದು. ವೆಂಗರ್, ಬಾಗ್ಚಿ, ಆನಂದ್ ಎಂಬ ವಿಜ್ಞಾನಿಗಳು ಭಾರತದಲ್ಲೇ ಇಸಿಜಿ ಹಿಡಿದು ನೋಡಿ, 1961ರಲ್ಲಿ ಬರೆದರು: ನಾಡಿ ಕೈಗೆ ಸಿಗದ ಹಾಗಾಗುವುದು ನಿಜ, ಆದರೆ ಹೃದಯ ಬಡಿಯುತ್ತಲೇ ಇರುತ್ತದೆ. ಈಗಿನ ಕಾಲದ ದೊಡ್ಡ ಮಾತು, ಎಂಟು ವಾರ ಧ್ಯಾನ ಮಾಡಿದರೆ ಮಿದುಳೇ ಬೆಳೆಯುತ್ತದೆ ಅನ್ನುವುದು. 2011ರ ಒಂದು ಸಣ್ಣ ಅಧ್ಯಯನದಿಂದ ಇದು ಹಬ್ಬಿತು. 2022ರಲ್ಲಿ 200ಕ್ಕಿಂತ ಜಾಸ್ತಿ ಜನರನ್ನು ಇಟ್ಟುಕೊಂಡು ಮತ್ತೆ ನೋಡಿದಾಗ, ಮಿದುಳಿನ ರಚನೆಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಧ್ಯಾನ ಉಪಯೋಗವಿಲ್ಲ ಅಂತ ಇದರ ಅರ್ಥವಲ್ಲ. ಉಪಯೋಗ ಇರುವ ಕಡೆ ಅದನ್ನು ಮೆಚ್ಚೋಣ, ಇಲ್ಲದ್ದನ್ನು ಅಂಟಿಸುವುದು ಬೇಡ.

ತನ್ನನ್ನು ತಾನು ಅರಿಯುವುದರಲ್ಲೂ ಇಂಥದೇ ಒಂದು ಅಚ್ಚರಿ ಇದೆ. ವರ್ಷಗಟ್ಟಲೆ ಧ್ಯಾನ ಮಾಡಿದವರು ತಮ್ಮ ಎದೆಬಡಿತವನ್ನು ನಾಡಿ ಹಿಡಿಯದೆ ಗುರುತಿಸುವುದರಲ್ಲಿ ನಮ್ಮನಿಮ್ಮಂಥವರಿಗಿಂತ ಮುಂದಿರುತ್ತಾರೆ ಅಂತ ಅನ್ನಿಸುತ್ತದೆ ಅಲ್ವಾ? 2008ರಲ್ಲಿ ಸಾಹಿಬ್ ಖಾಲ್ಸಾ ಮತ್ತು ಸಂಗಡಿಗರು ಪರೀಕ್ಷೆ ಮಾಡಿದರು. ಏನೂ ವ್ಯತ್ಯಾಸ ಇರಲಿಲ್ಲ. ಹಾಗಾದರೆ ಬೆಳೆಯುವ ಅರಿವು ಯಾವುದು? ನನ್ನ ಮಟ್ಟಿಗೆ ಅದು ತೀರಾ ದಿನಬಳಕೆಯದು. ಕೋಪ ಮಾತಾಗಿ ಬಾಯಿಗೆ ಬರುವ ಮೊದಲೇ ಅದು ದವಡೆಯಲ್ಲಿ ಕೂತಿರುವುದು ಗೊತ್ತಾಗುವುದು. ಮಗುವಿನ ಮೇಲೆ ರೇಗುವಾಗ, ಸಿಟ್ಟು ಮಗುವಿನ ಮೇಲಲ್ಲ, ಆಫೀಸಿಂದ ತಂದದ್ದು ಅಂತ ಹೊಳೆಯುವುದು. ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ 2007ರಲ್ಲಿ ತೋರಿಸಿದ ಹಾಗೆ, ಚಿತ್ರದಲ್ಲಿರುವ ಮುಖದ ಭಾವನೆಗೆ 'ಇದು ಕೋಪ', 'ಇದು ಭಯ' ಅಂತ ಹೆಸರಿಟ್ಟರೆ ಸಾಕು, ಮಿದುಳಿನಲ್ಲಿ ಅಪಾಯದ ಗಂಟೆ ಹೊಡೆಯುವ ಅಮಿಗ್ಡಲಾದ ಸದ್ದು ಸ್ವಲ್ಪ ತಗ್ಗುತ್ತದೆ.

ಎಚ್ಚರಿಕೆಯೂ ಬೇಕು. 2020ರಲ್ಲಿ 83 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಧ್ಯಾನ ಮಾಡಿದವರಲ್ಲಿ ಶೇಕಡ 8ರಷ್ಟು ಜನರಿಗೆ ತೊಂದರೆ ಆಗಿತ್ತು. ಹೆಚ್ಚಾಗಿ ಆತಂಕ, ಖಿನ್ನತೆ. ದೊಡ್ಡ ಆಘಾತ ಕಂಡವರು ಕಣ್ಣು ಮುಚ್ಚಿ ಒಬ್ಬರೇ ಕೂತಾಗ ಆ ನೆನಪುಗಳೇ ಎದ್ದು ಬರಬಹುದು. ಹಾಗಾದರೆ ಕಣ್ಣು ತೆರೆಯಿರಿ, ಪಾದ ನೆಲಕ್ಕೆ ಊರಿ, ನಿಲ್ಲಿಸಿ. ಹಲ್ಲು ಕಚ್ಚಿ ಕೂರುವುದರಲ್ಲಿ ಏನೂ ದೊಡ್ಡತನವಿಲ್ಲ. ಬದುಕೇ ಬೇಡ ಅನ್ನಿಸುವಷ್ಟು ಕಷ್ಟವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕಬಾಟ್-ಜಿನ್ ಕಾರ್ಯಕ್ರಮದಲ್ಲಿ ಮನೆಯಲ್ಲಿ ದಿನಾ 45 ನಿಮಿಷ ಅಭ್ಯಾಸ ಮಾಡಬೇಕಿತ್ತು. ಹಸು ಕರೆದು, ಡೈರಿಗೆ ಹಾಲು ಹಾಕಿ, ಮಕ್ಕಳಿಗೆ ಡಬ್ಬಿ ಕಟ್ಟುವ ಹೆಂಗಸಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಹತ್ತು ನಿಮಿಷದಿಂದ ಶುರು ಮಾಡಲಿ. ಹಾಲು ಹಾಕಿ ಬಂದ ಮೇಲೆ ಜಗಲಿ ಮೇಲೆ, ದಿನಾ ಅದೇ ಹೊತ್ತಿಗೆ.

ನನಗೆ ಒಂದು ಆಸೆ ಇದೆ. ಮದ್ದೂರು, ಮಳವಳ್ಳಿ, ನಾಗಮಂಗಲದಂಥ ತಾಲ್ಲೂಕು ಆಸ್ಪತ್ರೆಗಳಿಗೆ ಸೊಂಟನೋವು, ಮಂಡಿನೋವು ಅಂತ ಎಷ್ಟೊಂದು ಜನ ಬರುತ್ತಾರೆ. ಗುಳಿಗೆ ಚೀಟಿಯ ಜೊತೆಗೆ, ವಾರಕ್ಕೊಮ್ಮೆ ಒಂದು ಗುಂಪು ಕೂರುವ ಹಾಗಾಗಬೇಕು. ದುಬಾರಿ ಯಂತ್ರವೇನೂ ಬೇಡ. ಒಂದು ಕೋಣೆ, ಹತ್ತು ಹದಿನೈದು ಚಾಪೆ, ಎಂಟು ವಾರ, ಮತ್ತು ಅವರ ಮಾತಿನಲ್ಲೇ ಹೇಳಿಕೊಡಬಲ್ಲ, ತರಬೇತಿ ಪಡೆದ ಒಬ್ಬರು ನರ್ಸ್ ಅಥವಾ ಆಪ್ತಸಮಾಲೋಚಕರು ಸಾಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯೋಗವನ್ನೂ ಚಿಕಿತ್ಸೆಯಾಗಿ ಬಳಸುವ ವಿಭಾಗವೇ ಇದೆ, ಕಲಿಸುವವರಿಗೆ ಕಲಿಸಲು ನಾವು ದೂರ ಹೋಗಬೇಕಾಗಿಲ್ಲ.