ಕೇಳಲು ಒಂದೇ, ಬರೆಯಲು ಬೇರೆ: ಇಂಗ್ಲಿಷ್ ಪದಗಳ ಗೊಂದಲ ಬಿಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಈಗ ವೇಮಗಲ್ ಕಡೆಯ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ಸ್ ಕೆಲಸ, ದಿನಾ ಮೇಲ್ ಬರೆಯಬೇಕು. ಬ್ರೇಕ್, ದೇರ್, ಇಟ್ಸ್, ಲೂಸ್ ಎಲ್ಲದರಲ್ಲೂ ಸ್ಪೆಲ್ಲಿಂಗ್ ಅದಲುಬದಲಾಗುತ್ತದೆ. ಸ್ಪೆಲ್ ಚೆಕ್ ಕೂಡ ಹಿಡಿಯುವುದಿಲ್ಲ. ಏನು ಮಾಡಲಿ?
– ಓದುಗರು, ಕೋಲಾರ

ಉತ್ತರ: ನಿಘಂಟಿನಲ್ಲಿ ಇಲ್ಲದ ಪದ ಬಂದರೆ ಮಾತ್ರ ಸ್ಪೆಲ್ ಚೆಕ್ ಕೆಂಪು ಗೆರೆ ಎಳೆಯುತ್ತದೆ. ಬ್ರೇಕ್ ಶೂ ಬರೆಯುವಾಗ ಟೀ ಬ್ರೇಕ್‌ನ ಸ್ಪೆಲ್ಲಿಂಗ್ ಹಾಕಿದರೆ ಅದೂ ನಿಘಂಟಿನ ಪದವೇ, ಹಾಗಾಗಿ ಸುಮ್ಮನಿರುತ್ತದೆ.

ನಿಮ್ಮ ಪಟ್ಟಿಯಲ್ಲಿ ಎರಡು ಜಾತಿ ಬೆರೆತಿವೆ. ಬ್ರೇಕ್, ದೇರ್, ಇಟ್ಸ್ ಇಂಗ್ಲಿಷರ ಬಾಯಲ್ಲೂ ಒಂದೇ. ಎಷ್ಟು ಕೇಳಿದರೂ ಕಿವಿ ನೆರವಾಗದು. ಲೂಸ್, ಪ್ರೈಸ್, ವೆಸ್ಟ್ ಹಾಗಲ್ಲ. ಅವು ಒಂದಾಗಿರುವುದು ನಮ್ಮ ನಾಲಿಗೆಯಲ್ಲಿ. ಇಲ್ಲಿ ಉಚ್ಚಾರ ತಿದ್ದಿಕೊಂಡರೆ ಸ್ಪೆಲ್ಲಿಂಗ್ ಅರ್ಧ ಬಂದಂತೆ.

ಗಂಟಲ ಮೇಲೆ ಬೆರಳಿಟ್ಟು ಹೇಳಿ ನೋಡಿ. ಬೆಲೆ ಎಂಬ ಅರ್ಥದ ಪ್ರೈಸ್ ಮುಗಿಯುವಾಗ ಗಂಟಲು ನಡುಗಬಾರದು, ಅದಕ್ಕೆ ಸಿ. ಬಹುಮಾನದ್ದು ದುಂಬಿಯಂತೆ ಗುಂಯ್‌ಗುಡಬೇಕು, ಅದಕ್ಕೆ ಝಡ್. ಸಡಿಲ ಬೋಲ್ಟ್‌ನ ಲೂಸ್‌ಗೆ ಎರಡು ಓ, ನಡುಕವಿಲ್ಲ. ಕಳೆದುಕೊಳ್ಳುವುದಕ್ಕೆ ಒಂದೇ ಓ, ನಡುಕ ಇದೆ. ಸಲಹೆ ಎಂಬ ನಾಮಪದ ಅಡ್ವೈಸ್‌ಗೆ ಸಿ, ಸಲಹೆ ಕೊಡುವ ಕ್ರಿಯೆಗೆ ಎಸ್ ಮತ್ತು ನಡುಕ. ಪ್ರಾಕ್ಟೀಸ್, ಲೈಸೆನ್ಸ್‌ಗಳಿಗೂ ಬ್ರಿಟಿಷ್ ಬರಹದಲ್ಲಿ ಇದೇ ಸಿ–ಎಸ್ ಲೆಕ್ಕ, ಆದರೆ ಉಚ್ಚಾರ ಬದಲಾಗದು. ಅಮೆರಿಕದವರು ಲೈಸೆನ್ಸ್‌ಗೆ ಎರಡು ಕಡೆಯೂ ಎಸ್ ಹಾಕುತ್ತಾರೆ, ಅದನ್ನು ಕಂಡು ಗಾಬರಿಯಾಗಬೇಡಿ. ಇನ್ನು ವೆಸ್ಟ್: ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮಕ್ಕೆ ಹಲ್ಲು ತಾಗದೆ ತುಟಿ ದುಂಡಗಾಗಬೇಕು. ನಮ್ಮ ‘ವ’ ಇವೆರಡರ ನಡುವೆ ಎಲ್ಲೋ ಇದೆ. ಮನೆಯಲ್ಲಿ ತೆಲುಗು ಆಡುವವರಿಗೂ ಇದೇ ಪಾಡು.

ಮೊದಲ ಜಾತಿಗೆ ಕನ್ನಡವೇ ಒರೆಗಲ್ಲು. ದೇರ್ ಇರುವಲ್ಲಿ ‘ಅವರ’ ಕೂತರೆ ಟಿ-ಎಚ್-ಇ-ಐ-ಆರ್. ‘ಅಲ್ಲಿ’ ಕೂತರೆ ಟಿ-ಎಚ್-ಇ-ಆರ್-ಇ. ‘ದೇ ಆರ್’ ಎಂದು ಬಿಡಿಸಲು ಬಂದರೆ ಅಪಾಸ್ಟ್ರಫಿ (’ ಗುರುತು) ಇರುವುದು. ಈ ಪರೀಕ್ಷೆ ಕೈಕೊಡುವ ಜಾಗ ಒಂದಿದೆ: ‘ದೇರ್ ಈಸ್ ಎ ಶಾರ್ಟೇಜ್’. ಕನ್ನಡದಲ್ಲಿ ಬರೀ ‘ಕೊರತೆ ಇದೆ’ ಎನ್ನುತ್ತೇವೆ, ‘ಅಲ್ಲಿ’ ಬರುವುದೇ ಇಲ್ಲ. ಹಾಗಾಗಿ ದೇರ್ ಆದ ಕೂಡಲೇ ಈಸ್, ಆರ್, ವಾಸ್ ಬಂದರೆ ‘ಅಲ್ಲಿ’ಯ ಸ್ಪೆಲ್ಲಿಂಗ್ ಎಂದು ಬೇರೆಯಾಗಿ ನೆನಪಿಡಿ.

ಇಟ್ಸ್ ತಪ್ಪಲು ಕಾರಣ, ‘ರಾಮಾಸ್ ಬುಕ್’ನಲ್ಲಿ ಒಡೆತನಕ್ಕೆ ಅಪಾಸ್ಟ್ರಫಿ ಹಾಕಿ ಬಂದ ರೂಢಿ. ಹಿಸ್, ಹರ್ಸ್‌ಗೆ ಅದು ಇಲ್ಲ, ‘ಅದರ’ ಎಂಬರ್ಥದ ಇಟ್ಸ್‌ಗೂ ಇಲ್ಲ. ಇಟ್ ಈಸ್ ಅಥವಾ ಇಟ್ ಹ್ಯಾಸ್ ಎಂದು ಬಿಡಿಸಲು ಬಂದರೆ ಮಾತ್ರ ಹಾಕಿ.

ಮುರಿಯುವುದಕ್ಕೂ ಬಿಡುವಿಗೂ ಬ್ರೇಕ್‌ಫಾಸ್ಟ್‌ನ ಮೊದಲ ಐದು ಅಕ್ಷರ. ಗಾಡಿ ನಿಲ್ಲಿಸುವುದು ಬಿ-ಆರ್-ಎ-ಕೆ-ಇ. ಪೆನ್ನು ಕಾಗದದ ಸ್ಟೇಷನರಿಯಲ್ಲಿ ಎನ್ವಲಪ್‌ನ ಇ; ನಿಂತಲ್ಲೇ ನಿಂತದ್ದಕ್ಕೆ ಎ. ಇದನ್ನು ಅಂಗಡಿ ಬೋರ್ಡ್ ನೋಡಿ ಕಲಿಯಬೇಡಿ. ಶಿಡ್ಲಘಟ್ಟದ ಕಡೆ ರೇಷ್ಮೆ ವ್ಯವಹಾರದವರು ಡೈಯಿಂಗ್‌ನಲ್ಲಿ ಇ ಬಿಟ್ಟರೆ, ನೂಲಿಗೆ ಬಣ್ಣ ಹಾಕುತ್ತಿದ್ದೇವೆ ಎನ್ನುವುದು ನೂಲು ಸಾಯುತ್ತಿದೆ ಎಂದಾಗುತ್ತದೆ.

ಜೋಡಿಯ ಎರಡನ್ನೂ ಒಂದೇ ದಿನ ಕಲಿಯಬೇಡಿ, ಒಂದರ ನೆನಪನ್ನು ಇನ್ನೊಂದು ಕೆಡಿಸುತ್ತದೆ. ಹೆಚ್ಚು ಬಳಸುವುದನ್ನು ಮೊದಲು ನಿಮ್ಮದೇ ಮೇಲ್‌ನ ವಾಕ್ಯಗಳಲ್ಲಿ ಗಟ್ಟಿ ಮಾಡಿ, ಒಂದು ವಾರದ ನಂತರ ಇನ್ನೊಂದು. ಅಲ್ಲಿಯವರೆಗೆ, ಮೇಲ್ ಕಳಿಸುವ ಮುಂಚೆ ‘ಫೈಂಡ್’ ಬಳಸಿ ನಿಮಗೆ ತಪ್ಪುವ ನಾಲ್ಕೈದು ಪದಗಳನ್ನು ಮಾತ್ರ ಹುಡುಕಿ, ಸಿಕ್ಕಲ್ಲೆಲ್ಲ ಕನ್ನಡ ಪದ ಕೂರಿಸಿ ನೋಡಿ.