ಸುಟ್ಟ ಗಾಯ: ಬಿಳಿ ರಕ್ತಕಣ ಹೆಚ್ಚಿದ್ದರೂ ಸೋಂಕು ಯಾಕೆ?

ಸುಟ್ಟ ಗಾಯದ ವಾರ್ಡಿನಲ್ಲಿ ಮೊದಲ ರಕ್ತಪರೀಕ್ಷೆಯ ರಿಪೋರ್ಟ್ ಕೈಗೆ ಬಂದಾಗ ಮನೆಯವರು ಕೇಳುವುದು ಒಂದೇ: ‘ಬಿಳಿ ರಕ್ತಕಣ 20,000 ಅಂತಿದೆ, ಸೋಂಕಾಗಿದೆಯಾ ಡಾಕ್ಟ್ರೇ?’ ಮೈಕ್ರೋಲೀಟರಿಗೆ 4,000ದಿಂದ 11,000 ಇರಬೇಕಾದ್ದು ಇಷ್ಟಾದರೆ ಗಾಬರಿ ಸಹಜ. ಆದರೆ ಮೈಯ ಶೇ 20ಕ್ಕಿಂತ ಹೆಚ್ಚು ಸುಟ್ಟಾಗ ಸೋಂಕಿಲ್ಲದೆಯೂ ಎಣಿಕೆ ಏರುತ್ತದೆ. (ರೋಗಿಯದೇ ಅಂಗೈ, ಬೆರಳು ಸೇರಿಸಿ, ಸುಮಾರು ಶೇ 1.) ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನುಗಳು ಉಕ್ಕಿ, ರಕ್ತನಾಳದ ಗೋಡೆಗೆ ಅಂಟಿದ್ದ ನ್ಯೂಟ್ರೋಫಿಲ್‌ಗಳು (ಬ್ಯಾಕ್ಟೀರಿಯಾ ನುಂಗುವ ಬಿಳಿ ಕಣಗಳು) ಹರಿವಿಗೆ ಬೀಳುತ್ತವೆ. ಮೂಳೆಮಜ್ಜೆ ಇನ್ನೂ ಬಲಿಯದವನ್ನೂ ಹೊರಗೆ ಬಿಡುತ್ತದೆ. ಗಾಜಿನ ಮೇಲೆ ಸವರಿದ ರಕ್ತವನ್ನು (ಸ್ಮಿಯರ್) ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ: ಬಲಿತ ಕಣದ ನ್ಯೂಕ್ಲಿಯಸ್ ಮೂರ್ನಾಲ್ಕು ಹಾಲೆಗಳಾಗಿರುತ್ತದೆ, ಎಳೆಯದರದ್ದು ಬಾಗಿದ ಪಟ್ಟಿಯಂತೆ.

ಚಿಂತೆ ಇರುವುದು ಅವುಗಳ ಕೆಲಸದ ಬಗ್ಗೆ. ನ್ಯೂಟ್ರೋಫಿಲ್ ರಾಸಾಯನಿಕ ಜಾಡು ಹಿಡಿದು ಬ್ಯಾಕ್ಟೀರಿಯಾ ಇರುವಲ್ಲಿಗೆ ಹೋಗಬೇಕು, ನುಂಗಬೇಕು, ಕೊಲ್ಲಬೇಕು. ಸುಟ್ಟ ಅಂಗಾಂಶ ಉರಿಯೂತದ ಸಂಕೇತಗಳನ್ನು ರಕ್ತದ ತುಂಬ ಚೆಲ್ಲಿರುತ್ತದೆ. ನಾಲ್ಕೂ ದಿಕ್ಕಿನಿಂದ ಕರೆದರೆ ಯಾವ ಕಡೆ ಹೋಗುವುದು? ಜಾಡು ತಪ್ಪುತ್ತದೆ, ನಡಿಗೆ ಕುಂಟುತ್ತದೆ, ನುಂಗಿದ್ದನ್ನು ಪೂರ್ತಿ ಕೊಲ್ಲಲಾಗದು. ಕೆಲವು ಶ್ವಾಸಕೋಶದಲ್ಲಿ ಸಿಕ್ಕಿ ಅಲ್ಲೇ ಹಾನಿ ಮಾಡುತ್ತವೆ. ಇನ್ನೊಂದು ಬಗೆಯ ಬಿಳಿ ಕಣಗಳಾದ ಲಿಂಫೋಸೈಟ್‌ಗಳೂ ಕುಗ್ಗುತ್ತವೆ.

ಇನ್ನು ಗಾಯದ ಮೇಲೆ ಚಕ್ಕಳದಂತೆ ಕೂತ ಸತ್ತ ಚರ್ಮ. ಅಲ್ಲಿ ರಕ್ತ ಹರಿಯುವುದಿಲ್ಲ. ಬಿಳಿ ಕಣವೂ ಮುಟ್ಟದು, ನರಕ್ಕೆ ಕೊಟ್ಟ ಆಂಟಿಬಯೋಟಿಕ್ಕೂ ಮುಟ್ಟದು; ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅದು ಹದವಾದ ನೆಲ. ಆದ್ದರಿಂದಲೇ ಆಳದ ಸುಟ್ಟ ಚರ್ಮವನ್ನು, ರೋಗಿ ತಡೆದುಕೊಳ್ಳುವಂತಿದ್ದರೆ, ಮೊದಲ ಕೆಲವು ದಿನಗಳಲ್ಲೇ ಕೆತ್ತಿ ತೆಗೆದು ಚರ್ಮಕಸಿ ಮಾಡಬೇಕು. ‘ಮುಂಜಾಗ್ರತೆಗೆ’ ಎಂದು ಮೊದಲ ದಿನದಿಂದ ಆಂಟಿಬಯೋಟಿಕ್ ಸುರಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅಷ್ಟೇ.

ಎರಡರಿಂದ ನಾಲ್ಕನೇ ದಿನದಲ್ಲಿ ಬಿಳಿ ಕಣದ ಎಣಿಕೆ ಥಟ್ಟನೆ ಇಳಿಯುವುದೂ ಉಂಟು. ಸಿಲ್ವರ್ ಸಲ್ಫಾಡಯಾಜಿನ್ ಕ್ರೀಮ್ ಹಚ್ಚುವವರಲ್ಲಿ ಇದು ಕಂಡುಬರುತ್ತದೆ. ಬಹುತೇಕ ತಾನಾಗಿ ಸರಿಹೋಗುತ್ತದೆ.

ಹಾಗಾದರೆ ಸೋಂಕು ಗೊತ್ತಾಗುವುದು ಹೇಗೆ? ಅಮೆರಿಕನ್ ಬರ್ನ್ ಅಸೋಸಿಯೇಷನ್ 2007ರಲ್ಲಿ ಸುಟ್ಟ ಗಾಯದ ಸೆಪ್ಸಿಸ್ (ಸೋಂಕಿನಿಂದ ಇಡೀ ಮೈ ಹದಗೆಡುವ ಸ್ಥಿತಿ) ಲಕ್ಷಣಗಳನ್ನು ಪಟ್ಟಿ ಮಾಡಿದಾಗ ಬಿಳಿ ಕಣದ ಎಣಿಕೆಯನ್ನು ಕೈಬಿಟ್ಟಿತು. ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟುವುದು ಅಥವಾ ಮೈ 36.5ಕ್ಕಿಂತ ತಣ್ಣಗಾಗುವುದು, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಇಳಿಯುವುದು, ಕೊಳವೆಯಲ್ಲಿ ಕೊಟ್ಟ ಆಹಾರ 24 ಗಂಟೆ ಒಗ್ಗದಿರುವುದು ಅದರಲ್ಲಿವೆ. ಡ್ರೆಸಿಂಗ್ ಬಿಚ್ಚಿದಾಗ ನಿನ್ನೆ ಕೆಂಪಗಿದ್ದ ಜಾಗದಲ್ಲಿ ಕಪ್ಪು, ನೇರಳೆ ಮಚ್ಚೆ ಕಂಡರೆ ಕಾಯುವ ಹಾಗಿಲ್ಲ.

ಊಟದ ವಿಷಯದಲ್ಲಿ ಮಾತ್ರ ಮನೆಯವರ ಜೊತೆ ದಿನಾ ವಾದವಾಗುತ್ತದೆ. ಬೇಳೆ, ಮೊಟ್ಟೆ ನಂಜು ಎಂದು ಗಂಜಿಯಲ್ಲೇ ಇಡುತ್ತಾರೆ. ಕಿಲೋ ತೂಕಕ್ಕೆ ದಿನಕ್ಕೆ 1.5ರಿಂದ 2 ಗ್ರಾಂ ಪ್ರೊಟೀನ್ ಬೇಕು; 60 ಕಿಲೋದವರಿಗೆ 90ರಿಂದ 120 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಆರು ಗ್ರಾಂ ಅಷ್ಟೇ. ಹೊಸ ಚರ್ಮಕ್ಕೂ ಹೊಸ ಬಿಳಿ ಕಣಕ್ಕೂ ಇದೇ ಸಾಮಗ್ರಿ, ಗಂಜಿಯಲ್ಲಿ ಅದು ತೀರಾ ಕಡಿಮೆ.